ಲೀಸ್-ಕಮ್-ಸೇಲ್ ಸೈಟಿಗೆ ಶುದ್ಧ ಕ್ರಯಪತ್ರ: ಹಂಚಿಕೆದಾರರು ಇರುವಾಗಲೇ ಮಾಡಿಸಿಕೊಳ್ಳಿ

ಹತ್ತು ವರ್ಷದ ಗುತ್ತಿಗೆ ಮುಗಿದ ದಿನ ಯಾರೂ ನಿಮ್ಮ ಮನೆಗೆ ಪತ್ರ ಬರೆದು ತಿಳಿಸುವುದಿಲ್ಲ. ಅದಕ್ಕೇ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಗಳಲ್ಲಿ ಇಪ್ಪತ್ತೈದು ಮೂವತ್ತು ವರ್ಷದಿಂದ ಮನೆ ಕಟ್ಟಿಕೊಂಡು, ಮೇಲೆ ಇನ್ನೊಂದು ಮಹಡಿ ಎಬ್ಬಿಸಿ, ವರ್ಷವರ್ಷ ಕಂದಾಯ ಕಟ್ಟುತ್ತಾ ಬಂದಿದ್ದರೂ ನೆಲದ ಒಡೆತನ ಇನ್ನೂ ಹೆಸರಿಗೆ ಬಾರದವರು ಇದ್ದಾರೆ. ಖಾತೆ ತಮ್ಮ ಹೆಸರಿನಲ್ಲಿದೆ, ಇನ್ನೇನು ಬೇಕು ಎಂಬುದು ಅವರ ವಾದ. ಖಾತೆ ಕಂದಾಯ ಯಾರು ಕಟ್ಟಬೇಕು ಎಂದು ಹೇಳುವ ದಾಖಲೆ; ಒಡೆಯರು ಯಾರು ಎಂದು ತೀರ್ಮಾನಿಸುವ ದಾಖಲೆಯಲ್ಲ. ಅವರ ಬೀರುವಿನಲ್ಲಿ ಇರುವುದು ‘ಗುತ್ತಿಗೆ ಮತ್ತು ಮಾರಾಟ ಕರಾರು’, ಎಲ್ಲರ ಬಾಯಲ್ಲಿ ಇರುವಂತೆ ಹೇಳುವುದಾದರೆ ಲೀಸ್-ಕಮ್-ಸೇಲ್ ಅಗ್ರಿಮೆಂಟ್. ಅದರ ಮುಂದಿನ ಕಾಗದ ಶುದ್ಧ ಕ್ರಯಪತ್ರ, ಅಂದರೆ ಯಾವ ಷರತ್ತೂ ಉಳಿಸದೆ ಒಡೆತನವನ್ನು ನಿಮಗೆ ಬರೆದುಕೊಡುವ ಮಾರಾಟಪತ್ರ. ಅದು ನೋಂದಣಿ ಆಗುವವರೆಗೆ ನೀವು ಕಾನೂನಿನ ಕಣ್ಣಿನಲ್ಲಿ ಗುತ್ತಿಗೆದಾರರು.

ಮಾವನವರ 40x60 ಸೈಟಿಗೆ ಈ ಕೆಲಸ ಮಾಡಿಸುವಾಗ ನಾನು ಓಡಾಡಿದ್ದೇನೆ. ಅವರು ಖುದ್ದಾಗಿ ಸಹಿ ಹಾಕುವಷ್ಟು ಗಟ್ಟಿಯಾಗಿದ್ದರು ಎಂಬ ಒಂದೇ ಕಾರಣಕ್ಕೆ ಅರ್ಧ ಕಷ್ಟ ತಪ್ಪಿತು. ಈ ಬರಹದಲ್ಲಿ ನಾನು ಪದೇ ಪದೇ ಅದೇ ಮಾತಿಗೆ ಮರಳುತ್ತೇನೆ, ಬೇಸರಿಸಬೇಡಿ.

ಇದು ಯಾರ ದಯೆಯೂ ಅಲ್ಲ

1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಜಾಗಕ್ಕೆ 1976ರ ಕಾಯ್ದೆಯಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಸೈಟು ಹಂಚಿಕೆಗೆ 1984ರ ನಿಯಮಗಳಿವೆ. ಅವುಗಳ ಲೆಕ್ಕಾಚಾರ ಸರಳ: ಸೈಟಿನ ಬೆಲೆಯನ್ನು ಮೊದಲೇ ಪೂರ್ತಿ ಕಟ್ಟಿಸಿಕೊಳ್ಳುವುದು, ಆದರೆ ಒಡೆತನವನ್ನು ತಡೆಹಿಡಿದು ಹತ್ತು ವರ್ಷಕ್ಕೆ ಗುತ್ತಿಗೆಗೆ ಕೊಡುವುದು. ಅಷ್ಟರಲ್ಲಿ ಹಂಚಿಕೆದಾರರು ಮನೆ ಕಟ್ಟಬೇಕು, ಸೈಟನ್ನು ಮಾರಬಾರದು. ಸರ್ಕಾರ ಕಡಿಮೆ ಬೆಲೆಗೆ ಕೊಟ್ಟ ಸೈಟನ್ನು ಮರುದಿನವೇ ದುಪ್ಪಟ್ಟಿಗೆ ಮಾರಿಕೊಳ್ಳುವವರನ್ನು ದೂರ ಇಡುವುದು ಉದ್ದೇಶ. ಷರತ್ತು ಪಾಲಿಸಿದರೆ ಅವಧಿ ಮುಗಿದ ಮೇಲೆ ಹಂಚಿಕೆದಾರರ ಖರ್ಚಿನಲ್ಲಿ ಪ್ರಾಧಿಕಾರ ಕ್ರಯಪತ್ರ ಬರೆದುಕೊಡಬೇಕು. ಹರಾಜಿನಲ್ಲಿ ಕೊಂಡ ಮೂಲೆ ಸೈಟುಗಳ ದಾರಿ ಬೇರೆ. ಅವಕ್ಕೆ ಹಣ ಪೂರ್ತಿ ಕಟ್ಟಿದ ಮೇಲೆ ನೇರವಾಗಿ ಕ್ರಯಪತ್ರವೇ ಸಿಗುತ್ತದೆ.

ದೆಹಲಿಯ ನೆಂಟರು ‘ಫ್ರೀಹೋಲ್ಡ್ ಮಾಡಿಸಲು ನಾವು ಎಷ್ಟು ಕಟ್ಟಿದೆವು ಗೊತ್ತೇ’ ಎಂದು ಹೆದರಿಸಿದರೆ ಹೆದರಬೇಡಿ. ಅಲ್ಲಿ ದೀರ್ಘಕಾಲದ ಗುತ್ತಿಗೆಯನ್ನು ಫ್ರೀಹೋಲ್ಡ್, ಅಂದರೆ ಪೂರ್ಣ ಒಡೆತನವಾಗಿ ಪರಿವರ್ತಿಸಲು 1992ರಿಂದ ಪ್ರತ್ಯೇಕ ಪರಿವರ್ತನಾ ಶುಲ್ಕದ ಯೋಜನೆ ಇದೆ. ನಮ್ಮಲ್ಲಿ ಬೆಲೆ ಆಗಲೇ ಸಂದಾಯವಾಗಿದೆ. ನೀವು ಹೊಸ ಹಕ್ಕನ್ನು ಕೊಳ್ಳುತ್ತಿಲ್ಲ, ಮಾರಾಟಗಾರರು ಕೊಟ್ಟ ಮಾತನ್ನು ನಡೆಸಿಕೊಡಿ ಎಂದು ಕೇಳುತ್ತಿದ್ದೀರಿ. ಕೌಂಟರಿನ ಮುಂದೆ ನಿಂತಾಗ ಇದು ನೆನಪಿದ್ದರೆ ಬೆನ್ನು ನೆಟ್ಟಗಿರುತ್ತದೆ.

ಕೆಲಸ ಶುರುವಾಗುವುದು ಬೀರುವಿನಿಂದ

ಮೊದಲ ದಿನ ಯಾವ ಕಚೇರಿಗೂ ಹೋಗಬೇಡಿ. ಹಂಚಿಕೆ ಪತ್ರ, ಕರಾರು, ಸ್ವಾಧೀನ ಪತ್ರ ಮೂರನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿ. ಮೂರರಲ್ಲೂ ದಿನಾಂಕ ಬೇರೆ ಬೇರೆ ಇರುತ್ತದೆ. ಹತ್ತು ವರ್ಷ ಯಾವ ದಿನದಿಂದ ಎಣಿಸಬೇಕು ಎಂಬುದನ್ನು ನಿಮ್ಮ ಕರಾರಿನ ವಾಕ್ಯವೇ ಹೇಳುತ್ತದೆ, ಪಕ್ಕದ ಮನೆಯವರ ಅನುಭವವಲ್ಲ. ಮನೆ ಕಟ್ಟಲು ಎಷ್ಟು ವರ್ಷ ಕೊಟ್ಟಿದ್ದಾರೆ, ವಾರ್ಷಿಕ ಗುತ್ತಿಗೆ ಬಾಡಿಗೆ ಎಂದು ಏನಾದರೂ ಬರೆದಿದೆಯೇ, ಅದನ್ನು ಕಟ್ಟಿದ ರಸೀದಿಗಳಿವೆಯೇ ಎಂದು ಗುರುತು ಹಾಕಿಕೊಳ್ಳಿ. ಬಾಡಿಗೆ ಸಣ್ಣ ಮೊತ್ತವೇ ಇರಬಹುದು, ಆದರೆ ಬಾಕಿ ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಆಮೇಲೆ ಹೆಸರು. ನಾವು ಎಡವಿದ್ದು ಇಲ್ಲಿ. ಹಂಚಿಕೆ ಪತ್ರದಲ್ಲಿ ಮಾವನವರ ಇನಿಶಿಯಲ್ ಎರಡಕ್ಷರ, ಹೆಸರಿನ ಮುಂದೆ. ಆಧಾರ್‌ನಲ್ಲಿ ಇನಿಶಿಯಲ್ ಒಂದೇ, ಹೆಸರಿನ ಹಿಂದೆ. ಕಂದಾಯದ ರಸೀದಿಯಲ್ಲಿ ಅದೂ ಇಲ್ಲ. ಮನೆಯವರಿಗೆ ಮೂರೂ ಒಬ್ಬರೇ, ಕಾಗದಕ್ಕೆ ಮೂವರು. ಮೂರು ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿಸಿ, ಜೊತೆಗೆ ಹಳೆಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಲಗತ್ತಿಸಿದೆವು. ಇದನ್ನು ಅರ್ಜಿಯ ಜೊತೆಯಲ್ಲೇ ಕೊಟ್ಟರೆ ಒಂದು ಸುತ್ತು ಉಳಿಯುತ್ತದೆ.

ಮೂಲ ಪತ್ರ ಯಾವುದಾದರೂ ಕಳೆದಿದ್ದರೆ ಪೊಲೀಸರಿಗೆ ದೂರು, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ, ನಂತರ ದೃಢೀಕೃತ ನಕಲು. ನೋಂದಣಿಯಾದ ಕರಾರಿನ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಹಂಚಿಕೆ ಪತ್ರ, ಸ್ವಾಧೀನ ಪತ್ರಗಳ ನಕಲು ಪ್ರಾಧಿಕಾರದ ಕಡತದಿಂದಲೇ ಬರಬೇಕು. ಕಡತದಲ್ಲಿ ಏನಿದೆ ಎಂದೇ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಕಲು ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ಹಂಚಿಕೆದಾರರು ತೀರಿಕೊಂಡಿದ್ದರೆ

ಇಲ್ಲಿ ದಾರಿ ಉದ್ದವಾಗುತ್ತದೆ. ಕ್ರಯಪತ್ರಕ್ಕೆ ಮೊದಲು ಕರಾರಿನ ಹಕ್ಕು ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಎಲ್ಲ ವಾರಸುದಾರರ ಗುರುತಿನ ಚೀಟಿ, ಎಲ್ಲರ ಒಪ್ಪಿಗೆ ಬೇಕು. ಇದರಲ್ಲಿ ‘ಎಲ್ಲರ’ ಎಂಬ ಪದವೇ ಭಾರ.

ಉಯಿಲು ಬರೆಯದೆ ಹಿಂದೂ ಪುರುಷರು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನ ಪಾಲುದಾರರು. ಅವರ ಸಾಲಿನಲ್ಲೇ ತಾಯಿಯೂ ನಿಲ್ಲುತ್ತಾರೆ ಎಂಬುದನ್ನು ಬಹಳ ಮನೆಗಳು ಮರೆಯುತ್ತವೆ. ಮಗ ತೀರಿಕೊಂಡಾಗ ಊರಿನಲ್ಲಿ ಅಜ್ಜಿ ಬದುಕಿದ್ದರು ಎಂದುಕೊಳ್ಳಿ. ಅಂದೇ ಅವರಿಗೊಂದು ಪಾಲು ಬಂತು. ಆಮೇಲೆ ಅಜ್ಜಿಯೂ ಹೋದರೆ ಆ ಪಾಲು ಅವರ ಉಳಿದ ಮಕ್ಕಳಿಗೂ, ಎಂದರೆ ನಿಮ್ಮ ಚಿಕ್ಕಪ್ಪ, ಅತ್ತೆಯವರಿಗೂ ಹರಿಯುತ್ತದೆ. ಹತ್ತು ವರ್ಷದ ನಂತರ ಕ್ರಯಪತ್ರಕ್ಕೆ ಹೊರಟಾಗ ಚಿಕ್ಕಪ್ಪನ ಮಕ್ಕಳ ಸಹಿಗೆ ಶಿರಸಿಗೋ ಷಿಕಾಗೋಗೋ ಫೋನು ಮಾಡುವ ಪರಿಸ್ಥಿತಿ ಹುಟ್ಟುವುದು ಹೀಗೆ. ಜಗಳವೇ ಇಲ್ಲದ ಮನೆಯಲ್ಲೂ ಸಹಿಗಳ ಸಂಖ್ಯೆ ವರ್ಷಕ್ಕೆ ವರ್ಷ ಏರುತ್ತದೆ.

ಒಬ್ಬರ ಹೆಸರಿಗೇ ಆಗಲಿ ಎಂದು ಎಲ್ಲರೂ ಒಪ್ಪಿದರೆ ಉಳಿದವರು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿ ಕೊಡಬೇಕು. ಬಿಳಿ ಹಾಳೆಯ ಮೇಲೆ ‘ನನ್ನ ಅಭ್ಯಂತರವಿಲ್ಲ’ ಎಂದು ಬರೆಸಿಕೊಂಡು ನಿಶ್ಚಿಂತೆಯಿಂದ ಇರಬೇಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ವಂಶವೃಕ್ಷದಿಂದ ‘ಸುಮ್ಮನೆ ಏಕೆ ತೊಂದರೆ’ ಎಂದು ಬಿಡುವ ಹಳೆಯ ಚಾಳಿಯೂ ಬೇಡ. ಅದು ಸುಳ್ಳು ಹೇಳಿಕೆ. ಮುಂದೊಂದು ದಿನ ಕ್ರಯಪತ್ರವನ್ನೇ ಅಲುಗಾಡಿಸುತ್ತದೆ.

ಅಳತೆ ಎಂಬ ಅಡಿ-ಮೀಟರಿನ ಕಥೆ

ಅರ್ಜಿಯ ಜೊತೆ ಸೈಟಿನ ಸರಿಯಾದ ಅಳತೆಯ ವರದಿ ಬೇಕಾಗುತ್ತದೆ. ಕಚೇರಿಯಲ್ಲಿ ಇದನ್ನು ಸಿಡಿ (ಕರೆಕ್ಟ್ ಡೈಮೆನ್ಷನ್) ರಿಪೋರ್ಟ್ ಎನ್ನುತ್ತಾರೆ. ಎಂಜಿನಿಯರಿಂಗ್ ವಿಭಾಗದವರು ಅಳೆದು ಕೊಡುವ ನಕ್ಷೆ ಇದು. ಇದಕ್ಕೆ ಮೊದಲು ಒಂದು ಟೇಪು ಹಿಡಿದು ನೀವೇ ಅಳೆದು ನೋಡಿ.

ನಾವೆಲ್ಲ 30x40, 40x60 ಎಂದೇ ಮಾತಾಡುತ್ತೇವೆ. ಆದರೆ ಮೀಟರಿನಲ್ಲಿ ರೂಪಿಸಿದ ಬಡಾವಣೆಗಳಲ್ಲಿ ಆ ಸೈಟು ನಿಜಕ್ಕೂ 9x12 ಅಥವಾ 12x18 ಮೀಟರ್. 9x12 ಎಂದರೆ 108 ಚದರ ಮೀಟರ್, ಸುಮಾರು 1162 ಚದರ ಅಡಿ, 1200 ಅಲ್ಲ. 12x18 ಎಂದರೆ 216 ಚದರ ಮೀಟರ್, 2325 ಚದರ ಅಡಿ, 2400 ಅಲ್ಲ. ಮಾವನವರು ‘ನನ್ನ ಎಪ್ಪತ್ತೈದು ಅಡಿ ಎಲ್ಲಿ ಹೋಯಿತು’ ಎಂದು ಎರಡು ದಿನ ಪಕ್ಕದ ಮನೆಯ ಕಾಂಪೌಂಡನ್ನು ಸಂಶಯದಿಂದ ನೋಡಿದ್ದರು. ಎಲ್ಲೂ ಹೋಗಿರಲಿಲ್ಲ, ಮೊದಲಿನಿಂದಲೂ ಇರಲಿಲ್ಲ.

ಉಲ್ಟಾ ಆಗುವುದೂ ಉಂಟು. ರಸ್ತೆ ಓರೆಯಾಗಿರುವಲ್ಲಿ, ಸಾಲಿನ ಕೊನೆಯಲ್ಲಿ, ಸೈಟು ಹಂಚಿಕೆಗಿಂತ ದೊಡ್ಡದಿರಬಹುದು. ಹೆಚ್ಚುವರಿ ಜಾಗಕ್ಕೆ ಪ್ರಾಧಿಕಾರ ಬೆಲೆ ಕೇಳುತ್ತದೆ, ಆ ಹಣ ಕಟ್ಟಿದ ಮೇಲೆಯೇ ಕಡತ ಮುಂದೆ ಹೋಗುತ್ತದೆ. ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಹೆಚ್ಚುವರಿ ಎಂದು ತೋರಿಸಿರುವುದು ಸೈಟಿನೊಳಗಿನ ನೆಲವೇ, ಅಥವಾ ನಿಮ್ಮ ಕಾಂಪೌಂಡು ಚರಂಡಿಯ ಕಡೆಗೆ ಒಂದಡಿ ಸರಿದು ನಿಂತಿದೆಯೇ? ಎರಡನೆಯದಾದರೆ ಕಾಂಪೌಂಡನ್ನೇ ಹಿಂದಕ್ಕೆ ಸರಿಸುವುದು ಮರ್ಯಾದೆ.

ಉಳಿದ ಕಾಗದಗಳು: ಖಾತೆ ಪ್ರಮಾಣಪತ್ರ, ಇಲ್ಲಿಯವರೆಗಿನ ಕಂದಾಯದ ರಸೀದಿ, ಮನೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ, ಮಂಜೂರಾದ ನಕ್ಷೆ, ವಿದ್ಯುತ್ ಬಿಲ್ಲು, ಅಫಿಡವಿಟ್, ನಷ್ಟಭರ್ತಿ ಬಾಂಡ್. ಬಡಾವಣೆ ನಗರ ಪಾಲಿಕೆಗೆ ಹಸ್ತಾಂತರವಾಗದಿದ್ದರೆ ಖಾತೆಯೂ ಕಂದಾಯವೂ ಪ್ರಾಧಿಕಾರದಲ್ಲೇ. ಹಸ್ತಾಂತರವಾಗಿದ್ದರೆ ಪಾಲಿಕೆಯಲ್ಲಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಿರುವುದರಿಂದ ನಿಮ್ಮ ವಾರ್ಡು ಯಾವುದರಲ್ಲಿದೆ ಎಂದು ನೋಡಿಕೊಂಡು ಹೊರಡಿ.

ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇಸಿಯನ್ನು, ಕರಾರಿನ ದಿನದಿಂದ ಇಂದಿನವರೆಗೆ ತೆಗೆಸಬೇಕು. 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೆಯ ಪುಸ್ತಕ ತೆರೆಸಬೇಕು. ನಮೂನೆ 15 ಬಂದರೆ ವ್ಯವಹಾರಗಳು ನಮೂದಾಗಿವೆ ಎಂದರ್ಥ, ನಮೂನೆ 16 ಎಂದರೆ ಏನೂ ಇಲ್ಲ. ನೋಂದಣಿಯಾದ ನಿಮ್ಮ ಕರಾರು ಆ ಅವಧಿಯೊಳಗೇ ಇದ್ದೂ ನಮೂನೆ 16 ಬಂದರೆ ಖುಷಿಪಡಬೇಡಿ. ಹುಡುಕಿದ ಸೈಟ್ ನಂಬರೋ ಕಚೇರಿಯೋ ತಪ್ಪಾಗಿರುತ್ತದೆ.

ಮನೆ ಕಟ್ಟಿಲ್ಲ, ಸಾಲ ಇದೆ, ಜಿಪಿಎ ಇದೆ

ಸೈಟು ಇನ್ನೂ ಖಾಲಿ ಇದ್ದರೆ ಷರತ್ತು ಮುರಿದಂತೆ. ದಂಡ ಕಟ್ಟಿ ಕ್ರಯಪತ್ರ ಪಡೆಯಲು ಸರ್ಕಾರ ಆಗಾಗ ಅವಕಾಶ ಕೊಟ್ಟಿದೆ. ದಂಡ ಸೈಟಿನ ಅಳತೆಯನ್ನು ಅವಲಂಬಿಸಿರುತ್ತದೆ, ದರ ಆದೇಶದಿಂದ ಆದೇಶಕ್ಕೆ ಬದಲಾಗುತ್ತದೆ. ಆದ್ದರಿಂದ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಆದೇಶದ ಪ್ರತಿಯನ್ನೇ ಕೇಳಿ ನೋಡಿ. ಸಿಗುವ ಪತ್ರದಲ್ಲಿ ‘ಇಷ್ಟರೊಳಗೆ ಮನೆ ಕಟ್ಟತಕ್ಕದ್ದು’ ಎಂಬ ಷರತ್ತು ಉಳಿದಿದೆಯೇ ಎಂದೂ ಗಮನಿಸಿ. ಷರತ್ತು ಉಳಿದ ಪತ್ರ ಪೂರ್ತಿ ಶುದ್ಧವಲ್ಲ.

ಕರಾರಿನ ಮೇಲೆ ಬ್ಯಾಂಕಿನಿಂದ ಗೃಹಸಾಲ ಪಡೆದಿದ್ದರೆ ಮೂಲಪತ್ರಗಳು ಅಲ್ಲಿರುತ್ತವೆ. ಸಾಲ ತೀರಿದ್ದರೆ ಋಣಮುಕ್ತ ಪತ್ರದ ಜೊತೆ ಎಲ್ಲವನ್ನೂ ಪಟ್ಟಿ ಹಿಡಿದು ವಾಪಸು ಪಡೆಯಿರಿ. ನಡೆಯುತ್ತಿದ್ದರೆ ನಿರಾಕ್ಷೇಪಣಾ ಪತ್ರ ಕೇಳಿ. ಕ್ರಯಪತ್ರ ಬಂದ ಮೇಲೆ ಅದನ್ನು ತಮ್ಮಲ್ಲಿ ಇಡಬೇಕೆಂದು ಬ್ಯಾಂಕಿನವರು ಹೇಳುತ್ತಾರೆ. ಅದು ನ್ಯಾಯವೇ.

ಈಗ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರ. ಹತ್ತು ವರ್ಷ ಮಾರಬಾರದು ಎಂದಾಗ ನಮ್ಮ ಜನ ಕಂಡುಕೊಂಡ ಉಪಾಯ ಇದು: ಹಂಚಿಕೆದಾರರಿಂದ ಪೂರ್ತಿ ಹಣಕ್ಕೆ ಒಂದು ಮಾರಾಟ ಒಪ್ಪಂದ, ಒಂದು ಸಾಮಾನ್ಯ ಅಧಿಕಾರ ಪತ್ರ, ಕೆಲವೊಮ್ಮೆ ಜೊತೆಗೊಂದು ಉಯಿಲು. ಸೈಟು ಕೈಬದಲಾಯಿಸಿತು ಎಂದು ಇಬ್ಬರೂ ನಂಬಿದರು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಇಂಥ ಕಾಗದಗಳಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಖಚಿತವಾಗಿ ಹೇಳಿತು. ಪ್ರಾಧಿಕಾರದ ಮಟ್ಟಿಗೆ ಹಂಚಿಕೆದಾರರು ಇಂದಿಗೂ ಅವರೇ. ಕ್ರಯಪತ್ರ ಬರುವುದೂ ಅವರ ಅಥವಾ ಅವರ ವಾರಸುದಾರರ ಹೆಸರಿಗೇ. ಅದಾದ ಮೇಲೆ ಅವರಿಂದ ನಿಮಗೆ ಇನ್ನೊಂದು ಕ್ರಯಪತ್ರ ನೋಂದಣಿಯಾಗಬೇಕು, ಆಗ ಇಂದಿನ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಬೆಲೆಯ) ಮೇಲೆ ಪೂರ್ತಿ ಶುಲ್ಕ ಬೀಳುತ್ತದೆ.

ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎಯೂ ಅಲ್ಲಿಗೆ ಮುಗಿಯಿತು. 1872ರ ಕರಾರು ಕಾಯ್ದೆಯ 201ನೇ ಕಲಂ ಹೇಳುವುದು ಅದನ್ನೇ. 202ನೇ ಕಲಂನಲ್ಲಿ ಒಂದು ವಿನಾಯಿತಿ ಇದ್ದರೂ ಅದನ್ನು ನಂಬಿಕೊಂಡು ಕೂರುವುದು ಎಂದರೆ ನ್ಯಾಯಾಲಯದ ಬೆಂಚಿನಲ್ಲಿ ಜಾಗ ಹಿಡಿದಂತೆ. ಜಿಪಿಎ ಮೇಲೆ ಸೈಟು ಹಿಡಿದವರು ಇದನ್ನು ಓದುತ್ತಿದ್ದರೆ ಇವತ್ತೇ ಹಂಚಿಕೆದಾರರ ಆರೋಗ್ಯ ವಿಚಾರಿಸಿ ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ಹೋಗುವಾಗ ವಕೀಲರೊಬ್ಬರನ್ನೂ ಜೊತೆಗೆ ಕರೆದೊಯ್ಯಿರಿ.

ಅರ್ಜಿ ಕೊಟ್ಟ ಮೇಲೆ

ಪ್ರಾಧಿಕಾರದ ಕೇಂದ್ರ ಕಚೇರಿ ಕುಮಾರ ಪಾರ್ಕ್ ಪಶ್ಚಿಮದ ಟಿ. ಚೌಡಯ್ಯ ರಸ್ತೆಯಲ್ಲಿದೆ. ನಿಮ್ಮ ಬಡಾವಣೆ ಯಾವ ಉಪ ಕಾರ್ಯದರ್ಶಿಯವರ ವಿಭಾಗಕ್ಕೆ ಸೇರುತ್ತದೆ ಎಂದು ಕೇಳಿಕೊಂಡು ಅರ್ಜಿಯನ್ನು ಅವರ ಹೆಸರಿಗೆ ಬರೆಯಿರಿ. ಕೊಟ್ಟ ಕಾಗದಗಳ ಪಟ್ಟಿಯನ್ನು ಕ್ರಮಸಂಖ್ಯೆ ಹಾಕಿ ಅರ್ಜಿಯ ಕೊನೆಯಲ್ಲೇ ನಮೂದಿಸಿ, ಇನ್ನೊಂದು ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕದ ಸ್ವೀಕೃತಿ ಪಡೆಯಿರಿ. ನಿಗದಿತ ಅವಧಿಯಲ್ಲಿ ಸೇವೆ ಕೊಡುವ ಸರ್ಕಾರದ ‘ಸಕಾಲ’ ವ್ಯವಸ್ಥೆಯಲ್ಲಿ ಅರ್ಜಿ ದಾಖಲಾಗುವುದಾದರೆ ಅದರ ಗುರುತಿಗೆ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಅದನ್ನು ಕೇಳದೆ ಹೊರಗೆ ಬರಬೇಡಿ.

ಮೂಲಪತ್ರಗಳನ್ನು ಯಾರ ಕೈಗೂ ಬಿಡಬೇಡಿ, ಪರಿಶೀಲನೆಗೆ ತೋರಿಸಿ ವಾಪಸು ತನ್ನಿ. ‘ಎಲ್ಲ ನಾನು ನೋಡಿಕೊಳ್ಳುತ್ತೇನೆ, ಫೈಲು ನನಗೆ ಕೊಡಿ’ ಎಂದು ಗೇಟಿನ ಬಳಿ ನಗುವವರಿಗಂತೂ ಖಂಡಿತ ಬೇಡ. ಕಡತ ಎಲ್ಲಿದೆ ಎಂದು ವಿಚಾರಿಸಲು ಹೋದಾಗ ವಿಷಯ ನಿರ್ವಾಹಕರ ಹೆಸರು ಮತ್ತು ಕಡತದ ಸಂಖ್ಯೆ ಬರೆದುಕೊಳ್ಳಿ. ಆಕ್ಷೇಪಣೆ ಇದ್ದರೆ ಬಾಯಿಮಾತಿನಲ್ಲಿ ಕೇಳಿಸಿಕೊಂಡು ಬರದೆ, ಹಿಂಬರಹ ಕೊಡಿ ಎಂದು ನಯವಾಗಿ ಕೇಳಿ. ಬರಹದಲ್ಲಿ ಬಂದ ಆಕ್ಷೇಪಣೆಗೆ ಉತ್ತರ ಕೊಟ್ಟು ಮುಗಿಸಬಹುದು. ಬಾಯಿಮಾತಿನ ಆಕ್ಷೇಪಣೆ ವಾರಕ್ಕೊಮ್ಮೆ ಬಣ್ಣ ಬದಲಿಸುತ್ತದೆ.

ಕರಡನ್ನು ಸೈಟಿನಲ್ಲೇ ನಿಂತು ಓದಿ

ಮಂಜೂರಾತಿ ಆದ ಮೇಲೆ ಕ್ರಯಪತ್ರದ ಕರಡು ಸಿದ್ಧವಾಗುತ್ತದೆ. ಎಲ್ಲರೂ ಮೊದಲ ಪುಟದ ಹೆಸರು ನೋಡಿ ಸಮಾಧಾನಪಡುತ್ತಾರೆ. ಪ್ರಾಣ ಇರುವುದು ಕೊನೆಯ ಪುಟದ ಷೆಡ್ಯೂಲಿನಲ್ಲಿ: ಸೈಟ್ ನಂಬರು, ಬಡಾವಣೆಯ ಹಂತ, ಬ್ಲಾಕು, ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನಲ್ಲಿ ಏನೇನಿದೆ ಎಂಬ ಗಡಿ ವಿವರ).

ಮಾವನವರು ಮಾಡಿದ್ದನ್ನೇ ಹೇಳುತ್ತೇನೆ. ಅರ್ಜಿಯಲ್ಲಿ ನಾನು ತುಂಬಿದ್ದ ಚಕ್ಕುಬಂದಿಯ ಪ್ರತಿ ಹಿಡಿದು ಬೆಳಿಗ್ಗೆ ಗೇಟಿನ ಮುಂದೆ ನಿಂತರು. ಸೂರ್ಯ ಎದುರಿನ ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಬರುತ್ತಿದ್ದ. ಹಾಗಾದರೆ ಪೂರ್ವಕ್ಕೆ ರಸ್ತೆ. ಕಾಗದದಲ್ಲಿ ಪೂರ್ವಕ್ಕೆ ಹಿಂದಿನ ಸೈಟಿನ ನಂಬರು, ಪಶ್ಚಿಮಕ್ಕೆ ರಸ್ತೆ ಎಂದಿತ್ತು. ಬರೆದವನು ನಾನೇ, ಗೂಗಲ್ ನಕ್ಷೆಯನ್ನು ಮೊಬೈಲಿನಲ್ಲಿ ತಿರುಗಿಸಿ ನೋಡಿ ಬರೆದಿದ್ದೆ. ಸ್ವಾಧೀನ ಪತ್ರದಲ್ಲಿ ಸರಿಯಾಗಿಯೇ ಇತ್ತು. ಅವರು ಏನೂ ಬೈಯಲಿಲ್ಲ, ಪೆನ್ನು ಕೊಟ್ಟರು. ನೋಂದಣಿಗೆ ಮುಂಚೆ ಸಿಕ್ಕ ತಪ್ಪಿಗೆ ಪೆನ್ನು ಸಾಕು. ನೋಂದಣಿಯ ನಂತರ ಸಿಕ್ಕರೆ ತಿದ್ದುಪಡಿ ಪತ್ರ, ಮತ್ತೆ ಶುಲ್ಕ, ಮತ್ತೆ ಅದೇ ಕಚೇರಿಗಳು.

ನೋಂದಣಿಯ ದಿನ

ಸಾಮಾನ್ಯ ಕ್ರಯಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಉಪಕರ, ಅಧಿಭಾರ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಯಾವ ಮೊತ್ತದ ಮೇಲೆ ಎಂಬುದೇ ಇಲ್ಲಿ ಮುಖ್ಯ. ಪ್ರಾಧಿಕಾರವೇ ಹಂಚಿಕೆದಾರರಿಗೆ ಬರೆದುಕೊಡುವ ಪತ್ರದಲ್ಲಿ ಹಂಚಿಕೆಯಲ್ಲಿ ನಿಗದಿಯಾದ ಬೆಲೆಯನ್ನು ಹಿಡಿಯುವುದು ರೂಢಿ, ಇಂದಿನ ಮಾರ್ಗಸೂಚಿ ದರವನ್ನಲ್ಲ. ಅಂದಿನ ಬೆಲೆ ಸಾವಿರಗಳಲ್ಲಿದ್ದರೆ ಶುಲ್ಕವೂ ಅದಕ್ಕೆ ತಕ್ಕಂತೆ. ಕರಾರಿನ ಕಾಲದಲ್ಲಿ ಕಟ್ಟಿದ ಮುದ್ರಾಂಕ ಶುಲ್ಕದ ದಾಖಲೆ ಇದ್ದರೆ ತೋರಿಸಿ, ಹೊಂದಾಣಿಕೆಗೆ ಅವಕಾಶ ಇದೆಯೇ ಎಂದು ಕೇಳಿ.

ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ಇದು 1908ರ ನೋಂದಣಿ ಕಾಯ್ದೆಯ ಗಡುವು. ಮೀರಿದರೆ ಇನ್ನೂ ನಾಲ್ಕು ತಿಂಗಳು ಸಿಗಬಹುದು, ಆದರೆ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೆ ದಂಡ ಬೀಳಬಹುದು. ಹಂಚಿಕೆದಾರರು ಹಾಸಿಗೆ ಹಿಡಿದಿದ್ದರೆ ಅದೇ ಕಾಯ್ದೆಯ 31ನೇ ಕಲಂ ಅಡಿಯಲ್ಲಿ ವಿಶೇಷ ಕಾರಣ ತೋರಿಸಿ ಅಧಿಕಾರಿಯನ್ನು ಮನೆಗೇ ಕರೆಸುವ ಅವಕಾಶವಿದೆ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ ಕೇಳುತ್ತಿರುವುದರಿಂದ ಅದನ್ನೂ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಬೇರೆ ಸಂಸ್ಥೆಗಳ ಸೈಟಿಗೂ ದಾರಿ ಹೆಚ್ಚುಕಡಿಮೆ ಇದೇ. ಉಳಿದ ಊರುಗಳ ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ 1987ರ ಕಾಯ್ದೆ, 1991ರ ಹಂಚಿಕೆ ನಿಯಮಗಳಿವೆ. ಗೃಹಮಂಡಳಿಯ ಮನೆಗಳಲ್ಲಿ ಕಂತು ತೀರಿದ ಲೆಕ್ಕದ ಪತ್ರ ಮುಖ್ಯ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕೈಗಾರಿಕಾ ನಿವೇಶನಕ್ಕೆ ಘಟಕ ನಿಜವಾಗಿ ನಡೆಯುತ್ತಿದೆ ಎಂದು ತೋರಿಸಬೇಕು. ಅದು ಬೇರೆಯೇ ಬರಹ ಬೇಡುವ ವಿಷಯ.

ಕ್ರಯಪತ್ರ ಕೈಗೆ ಬಂದ ಮೇಲೆ ಒಂದೆರಡು ವಾರ ಬಿಟ್ಟು ಹೊಸದಾಗಿ ಇಸಿ ತೆಗೆಸಿ, ಈ ನೋಂದಣಿ ಅದರಲ್ಲಿ ಏರಿದೆಯೇ ನೋಡಿ. ಖಾತೆಯ ದಾಖಲೆಯಲ್ಲೂ ಕ್ರಯಪತ್ರದ ಸಂಖ್ಯೆ ಸೇರಿಸಲು ಅರ್ಜಿ ಕೊಡಿ. ಹಳೆಯ ಹಂಚಿಕೆ ಪತ್ರ, ಕರಾರು, ಸ್ವಾಧೀನ ಪತ್ರಗಳನ್ನು ಇನ್ನು ಬೇಡ ಎಂದು ಎಸೆಯಬೇಡಿ. ಮುಂದೆ ಮನೆ ಮಾರಲು ಹೊರಟಾಗ ಕೊಳ್ಳುವವರ ವಕೀಲರು ಕ್ರಯಪತ್ರವನ್ನು ಪಕ್ಕಕ್ಕಿಟ್ಟು ಮೊದಲು ಕೇಳುವುದು ಅವನ್ನೇ.